ತೋಳ್ಬಲ ನಮ್ಮೂರಲ್ಲೂ ಇದೆ, ಗಾಲಿ ಬೇಕಿದೆ

ಪೋಲಿಯೊ ಕಾಲಿನ ಬಲ ಕಸಿದರೂ ಮಾಲತಿ ಹೊಳ್ಳ ಗಾಲಿಕುರ್ಚಿಯಲ್ಲಿ ಕೂತೇ ಸೋಲ್ ಪ್ಯಾರಾಲಿಂಪಿಕ್ಸ್ ಮುಟ್ಟಿದರು. ಅದೇ ದಾರಿಯಲ್ಲಿ ಮುಳಬಾಗಿಲು ಸೀಮೆಯ ಮಕ್ಕಳೂ ಹೋಗಬೇಕಾದರೆ ಏನೇನು ಆಗಬೇಕು?

ಮಾವಿನ ಸೀಮೆಯವರಿಗೆ ಈ ಆಸೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಿತ್ತಲಿನ ಮರದಿಂದ ಹಣ್ಣು ಬಿದ್ದ ಸದ್ದು ಕೇಳಿದರೆ ಸಾಕು, ಎಲ್ಲರಿಗಿಂತ ಮೊದಲು ಓಡಿಹೋಗಿ ತಾನೇ ಅದನ್ನು ಎತ್ತಿಕೊಳ್ಳಬೇಕು. ಮಾಲತಿ ಕೃಷ್ಣಮೂರ್ತಿ ಹೊಳ್ಳ ತಮ್ಮ ಬಾಲ್ಯದ ಬಗ್ಗೆ ಹೇಳಿಕೊಂಡಿರುವ ಆಸೆ ಇದು. ಹಕ್ಕಿಯ ಹಾಗೆ ಒಂದೆಡೆಯಿಂದ ಇನ್ನೊಂದೆಡೆಗೆ ಹಾರಬೇಕು ಎಂಬ ಕನಸೂ ಇತ್ತು. ಓಡುವುದಕ್ಕೆ ಕಾಲು ಬೇಕು, ಹಾರುವುದಕ್ಕೆ ರೆಕ್ಕೆ ಬೇಕು ಎಂದು ಬೆಳೆಯುತ್ತ ಅರಿವಾದಾಗ ನೋವಾಯಿತು. ಆದರೂ ಒಂದು ದಿನ ಓಡಿಯೇ ತೀರುತ್ತೇನೆ ಎಂಬ ನಂಬಿಕೆ ಬಿಟ್ಟುಹೋಗಲಿಲ್ಲ ಎಂದು ಅವರು ನೆನೆದಿದ್ದಾರೆ.

ಆ ನಂಬಿಕೆ ನಿಜವಾಯಿತು. 1988ರಲ್ಲಿ ಅವರು ದಕ್ಷಿಣ ಕೊರಿಯಾದ ಸೋಲ್ ನಗರದ ಪ್ಯಾರಾಲಿಂಪಿಕ್ಸ್‌ಗೆ ಭಾರತದ ಪರವಾಗಿ ಹೋದರು. ಗಾಲಿಕುರ್ಚಿಯ ಓಟದಲ್ಲಿ ದೇಶದ ಅತಿ ವೇಗದ ಮಹಿಳೆ ಎಂದು ಹೆಸರಾದರು. ಅರ್ಜುನ ಪ್ರಶಸ್ತಿ ಬಂತು, 2001ರಲ್ಲಿ ಪದ್ಮಶ್ರೀ ಬಂತು. ಪದಕಗಳು ನೂರಾರು.

ಮಾಲತಿ ಹೊಳ್ಳರ ಸಾಧನೆಗೆ ಚಪ್ಪಾಳೆ ತಟ್ಟಿ ಪುಟ ತಿರುವಿದರೆ ನಮ್ಮ ಕೆಲಸ ಮುಗಿಯುವುದಿಲ್ಲ. ಮುಳಬಾಗಿಲು, ಶ್ರೀನಿವಾಸಪುರ, ಮಾಲೂರು, ಕೋಲಾರದ ಹಳ್ಳಿಗಳಲ್ಲಿ ಇಂಥದೇ ಆಸೆ ಇಟ್ಟುಕೊಂಡು ಜಗುಲಿಯ ಮೇಲೆ ಕೂತಿರುವ ಮಕ್ಕಳನ್ನು ನೆನೆದೇ ಅವರ ಕಥೆಯನ್ನು ಓದಬೇಕಾಗಿದೆ.

ಕೋಟದ ಹುಡುಗಿ, ಮದ್ರಾಸಿನ ವರ್ಷಗಳು

ಮಾಲತಿ ಹುಟ್ಟಿದ್ದು 1958ರ ಜುಲೈ 6ರಂದು, ಇಂದಿನ ಉಡುಪಿ ಜಿಲ್ಲೆಯ ಕೋಟದಲ್ಲಿ. ತಂದೆ ಬೆಂಗಳೂರಿನಲ್ಲಿ ಸಣ್ಣ ಹೋಟೆಲು ನಡೆಸುತ್ತಿದ್ದರು. ಮಗುವಿಗೆ ವರ್ಷ ತುಂಬುವ ಹೊತ್ತಿಗೆ ಬಂದ ಜ್ವರ ಪೋಲಿಯೊ ಆಗಿ ಇಡೀ ಮೈಯನ್ನೇ ಸ್ವಾಧೀನ ತಪ್ಪಿಸಿತು. ಎರಡು ವರ್ಷ ವಿದ್ಯುತ್ ಆಘಾತದ ಚಿಕಿತ್ಸೆ ನಡೆಯಿತು. ಅದರಿಂದ ಸೊಂಟದ ಮೇಲಿನ ಭಾಗಕ್ಕೆ ಬಲ ಮರಳಿತು, ಕೆಳಗಿನ ಭಾಗ ಸೋತೇ ಉಳಿಯಿತು.

ಆಮೇಲಿನದು ಮದ್ರಾಸಿನ ಅಧ್ಯಾಯ. ಅಲ್ಲಿನ ಮೂಳೆ ಚಿಕಿತ್ಸಾ ಕೇಂದ್ರವೊಂದರಲ್ಲಿ ಆಕೆ ಹದಿನೈದು ವರ್ಷ ಬೆಳೆದರು. ಓದಿದ್ದೂ ಅಲ್ಲೇ, ಆಡಿದ್ದೂ ಅಲ್ಲೇ, ಆಪರೇಷನ್ ಕೋಣೆಗೆ ಮತ್ತೆ ಮತ್ತೆ ಹೋಗಿಬಂದದ್ದೂ ಅಲ್ಲೇ. ಜೀವನದಲ್ಲಿ ಅವರಿಗಾದ ಶಸ್ತ್ರಚಿಕಿತ್ಸೆಗಳು ಮೂವತ್ತಕ್ಕೂ ಹೆಚ್ಚು. ಮನೆಯಿಂದ ಅಷ್ಟು ದೂರ, ಅಷ್ಟು ವರ್ಷ ಇದ್ದರೂ ಆ ಕೇಂದ್ರದಲ್ಲಿ ಒಂದು ಅನುಕೂಲವಿತ್ತು. ಸುತ್ತಲಿದ್ದ ಮಕ್ಕಳೆಲ್ಲ ತನ್ನಂಥವರೇ. ಅಯ್ಯೋ ಪಾಪ ಎನ್ನುವ ಕಣ್ಣುಗಳಿಲ್ಲದ ಜಾಗದಲ್ಲಿ ಆಕೆ ದೊಡ್ಡವರಾದರು.

ಅಲ್ಲಿಂದ ಮತ್ತೆ ಬೆಂಗಳೂರು, ಮಹಾರಾಣಿ ಕಾಲೇಜು, ಆಮೇಲೆ ಸಿಂಡಿಕೇಟ್ ಬ್ಯಾಂಕಿನ ನೌಕರಿ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ 2020ರಲ್ಲಿ ಕೆನರಾ ಬ್ಯಾಂಕಿನೊಡನೆ ಸೇರಿಹೋದ ಆ ಬ್ಯಾಂಕಿನಲ್ಲಿ ಅವರು ಮ್ಯಾನೇಜರ್ ಹುದ್ದೆಯವರೆಗೆ ಏರಿದರು. ತಿಂಗಳ ಸಂಬಳದ ಕೆಲಸವೊಂದು ಕೈಯಲ್ಲಿರುವುದು ಕ್ರೀಡಾಪಟುವಿಗೆ ಎಷ್ಟು ದೊಡ್ಡ ಆಸರೆ ಎಂಬುದನ್ನು ಅವರ ಬದುಕು ತೋರಿಸುತ್ತದೆ. ಪ್ಯಾರಾ ಕ್ರೀಡೆಗೆ ಪ್ರಾಯೋಜಕರು ಎಂಬವರೇ ಇಲ್ಲದಿದ್ದ ಕಾಲವದು.

ಬೆಂಗಳೂರು, ಮದ್ರಾಸು ಎರಡೂ ಮುಳಬಾಗಿಲಿನವರಿಗೆ ಮನೆಯ ಎರಡು ಕಡೆಯ ಊರುಗಳು. ಆ ಎರಡು ನಗರಗಳ ನಡುವಿನ ಹಳೆಯ ಹೆದ್ದಾರಿ ಕೋಲಾರ ದಾಟಿ, ನಮ್ಮೂರನ್ನು ಹಾದು, ನಂಗಲಿಯ ಬಳಿ ಆಂಧ್ರಕ್ಕೆ ಇಳಿಯುತ್ತದೆ. ಕಾಯಿಲೆಯವರನ್ನು ಕರೆದುಕೊಂಡು ದೊಡ್ಡಾಸ್ಪತ್ರೆ ಹುಡುಕಿ ಆ ದಾರಿ ಹಿಡಿದ ಕುಟುಂಬಗಳು ನಮ್ಮ ಪ್ರತಿ ಹೋಬಳಿಯಲ್ಲೂ ಸಿಗುತ್ತವೆ. ಮಾಲತಿಯ ಹೆತ್ತವರು ಹದಿನೈದು ವರ್ಷ ಒಂದು ಮಗುವಿನ ಮೇಲೆ ಆಸೆ ಬಿಡದೆ ಇದ್ದದ್ದು ಎಂಥ ತಪಸ್ಸು ಎಂಬುದು ಆ ಕುಟುಂಬಗಳಿಗೆ ಚೆನ್ನಾಗಿ ಗೊತ್ತು.

ಸೋಲ್‌ನ ಟ್ರ್ಯಾಕಿಗೆ

ಮಾಲತಿ ಹೊಳ್ಳ ಹೋದ ಸೋಲ್ ಪ್ಯಾರಾಲಿಂಪಿಕ್ಸ್ ಈ ಕ್ರೀಡೆಯ ಚರಿತ್ರೆಯಲ್ಲೇ ಒಂದು ದೊಡ್ಡ ತಿರುವು. ಅದಕ್ಕೆ ಹಿಂದಿನ ಕೂಟದ ವರ್ಷ, ಅಂದರೆ 1984ರಲ್ಲಿ, ಒಲಿಂಪಿಕ್ಸ್ ನಡೆದದ್ದು ಲಾಸ್ ಏಂಜಲೀಸ್‌ನಲ್ಲಿ. ಪ್ಯಾರಾ ಕ್ರೀಡೆಗಳು ಮಾತ್ರ ನ್ಯೂಯಾರ್ಕಿಗೂ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್‌ಗೂ ಹಂಚಿಹೋಗಿದ್ದವು. 1988ರ ಅಕ್ಟೋಬರಿನಲ್ಲಿ, ಒಲಿಂಪಿಕ್ಸ್ ಮುಗಿದ ಕೆಲವೇ ದಿನಗಳಲ್ಲಿ, ಅದೇ ಸೋಲ್‌ನ ಅದೇ ಕ್ರೀಡಾಂಗಣಗಳಲ್ಲಿ ಪ್ಯಾರಾಲಿಂಪಿಕ್ಸ್ ನಡೆಯಿತು. ಕಾರ್ಲ್ ಲೂಯಿಸ್ ಓಡಿದ್ದ ಟ್ರ್ಯಾಕಿನ ಮೇಲೆ ಗಾಲಿಕುರ್ಚಿಗಳು ಉರುಳಿದವು. ಎರಡೂ ಕೂಟಗಳು ಒಂದೇ ಊರಿನಲ್ಲಿ ನಡೆಯುವ ಪದ್ಧತಿ ಅಲ್ಲಿಂದ ಗಟ್ಟಿಯಾಯಿತು.

ಮರುವರ್ಷ ಡೆನ್ಮಾರ್ಕಿನಲ್ಲಿ ನಡೆದ ವಿಶ್ವ ಮಾಸ್ಟರ್ಸ್ ಕೂಟದಲ್ಲಿ ಮಾಲತಿ 200 ಮೀಟರ್ ಓಟ, ಗುಂಡು ಎಸೆತ, ಚಕ್ರ ಎಸೆತ, ಈಟಿ ಎಸೆತ, ಹೀಗೆ ನಾಲ್ಕರಲ್ಲೂ ಚಿನ್ನ ಗೆದ್ದರು. ಆಮೇಲೆ ಬಾರ್ಸಿಲೋನಾ ಪ್ಯಾರಾಲಿಂಪಿಕ್ಸ್. ಬೀಜಿಂಗ್, ಬ್ಯಾಂಕಾಕ್, ಕ್ವಾಲಾಲಂಪುರದಂಥ ಏಷ್ಯಾದ ಕೂಟಗಳು. ಎಲ್ಲದರ ನಡುವೆ ಬ್ಯಾಂಕಿನ ಕೆಲಸವೂ ನಡೆಯುತ್ತಿತ್ತು. ಅವರ ಬದುಕನ್ನು ಪತ್ರಕರ್ತ ಅನಂತಕೃಷ್ಣನ್ ಎಂ. ಪುಸ್ತಕವಾಗಿ ಬರೆದರು, ‘ಎ ಡಿಫರೆಂಟ್ ಸ್ಪಿರಿಟ್’ ಎಂಬ ಆ ಪುಸ್ತಕ 2009ರಲ್ಲಿ ಬಿಡುಗಡೆಯಾಯಿತು.

ಗೆದ್ದದ್ದನ್ನು ಅವರು ತಮ್ಮಲ್ಲೇ ಇಟ್ಟುಕೊಳ್ಳಲಿಲ್ಲ. ಗೆಳೆಯರ ಜೊತೆಗೂಡಿ ಬೆಂಗಳೂರಿನಲ್ಲಿ ಮಾತೃ ಫೌಂಡೇಶನ್ ಕಟ್ಟಿದರು. ಚಿಕಿತ್ಸೆ, ಓದು ಎರಡಕ್ಕೂ ದಿಕ್ಕಿಲ್ಲದ ಹಳ್ಳಿಗಾಡಿನ ವಿಕಲಚೇತನ ಮಕ್ಕಳಿಗೆ ಅಲ್ಲಿ ಊಟ, ವಸತಿ, ಶಾಲೆ, ಆಸ್ಪತ್ರೆ ಎಲ್ಲದರ ಏರ್ಪಾಡಾಯಿತು. ಮದ್ರಾಸಿನ ಕೇಂದ್ರ ತನಗೆ ಕೊಟ್ಟಿದ್ದನ್ನು ಅವರು ಇನ್ನೊಂದು ತಲೆಮಾರಿಗೆ ದಾಟಿಸಿದರು.

ಗುದ್ದಿ ಓಡಿಸುವ ಕುರ್ಚಿ

ಆಸ್ಪತ್ರೆಯ ಬಾಗಿಲಲ್ಲೋ ರೈಲ್ವೆ ಸ್ಟೇಷನ್ನಿನಲ್ಲೋ ನಾವು ಕಾಣುವ ವೀಲ್‌ಚೇರಿಗೂ ಓಟದ ವೀಲ್‌ಚೇರಿಗೂ ಹೋಲಿಕೆಯೇ ಇಲ್ಲ. ಓಟದ ಕುರ್ಚಿಗೆ ಮೂರು ಗಾಲಿ. ಹಿಂದೆ ಎರಡು ದೊಡ್ಡವು, ಮುಂದಕ್ಕೆ ಚಾಚಿದ ಉದ್ದನೆಯ ಮೂತಿಯ ತುದಿಗೆ ಒಂದು ಚಿಕ್ಕದು. ದೊಡ್ಡ ಗಾಲಿಗಳು ಮೇಲ್ಗಡೆ ಒಳಕ್ಕೆ ವಾಲಿಕೊಂಡು ನೆಲದ ಹತ್ತಿರ ಅಗಲವಾಗಿ ನಿಲ್ಲುತ್ತವೆ. ವೇಗವಾಗಿ ತಿರುಗುವಾಗ ಕುರ್ಚಿ ಮಗುಚದಿರಲಿ ಎಂದು ಈ ಏರ್ಪಾಡು. ಒಟ್ಟು ತೂಕ ಸುಮಾರು 8ರಿಂದ 10 ಕಿಲೊ. ಗೇರು, ಸರಪಳಿ, ಮೋಟರು ಯಾವುದಕ್ಕೂ ನಿಯಮದಲ್ಲಿ ಜಾಗವಿಲ್ಲ. ತೋಳಿನ ಬಲವೊಂದೇ ಇಂಧನ.

ಗಾಲಿಯ ಹೊರಮೈಗೆ ಒಂದು ಚಿಕ್ಕ ಬಳೆ ಕೂಡಿಸಿರುತ್ತಾರೆ. ಗಟ್ಟಿ ಕೈಗವಸು ಹಾಕಿಕೊಂಡು ಆ ಬಳೆಗೆ ಗುದ್ದಬೇಕು. ಬಿಗಿಯಾಗಿ ಹಿಡಿದು ತಳ್ಳುತ್ತ ಹೋದರೆ ವೇಗ ಬರುವುದಿಲ್ಲ. ಮೇಲಿನಿಂದ ಗುದ್ದಿ, ಬಳೆಯ ಜೊತೆ ಕೆಳಗಿನವರೆಗೆ ಕೈ ಒಯ್ದು, ಝಾಡಿಸಿ ಬಿಡಬೇಕು. ತೋಳು ಹಿಂದಕ್ಕೆ ಎದ್ದು ಮತ್ತೆ ಗುದ್ದಬೇಕು. ಟ್ರ್ಯಾಕಿನ ತಿರುವು ಬಂದಾಗ ಮುಂಗಾಲಿಗೆ ಜೋಡಿಸಿದ ಸನ್ನೆಗೆ ಒಂದು ತಟ್ಟು ತಟ್ಟಿದರೆ ಮೊದಲೇ ಹೊಂದಿಸಿಟ್ಟ ಕೋನಕ್ಕೆ ಗಾಲಿ ತಿರುಗಿಕೊಳ್ಳುತ್ತದೆ. ನೇರ ದಾರಿಗೆ ಬಂದ ಕೂಡಲೇ ಇನ್ನೊಂದು ತಟ್ಟು. ಆ ಕ್ಷಣ ತಪ್ಪಿದರೆ ಪಕ್ಕದ ಸಾಲಿಗೆ ನುಗ್ಗುವುದೇ ಸೈ.

ಕೂರುವ ಜಾಗವನ್ನು ದರ್ಜಿ ರವಿಕೆಗೆ ಅಳತೆ ತೆಗೆದಷ್ಟು ನಿಖರವಾಗಿ ಆ ಒಬ್ಬ ಕ್ರೀಡಾಪಟುವಿನ ಮೈಗೆ ಹೊಂದಿಸುತ್ತಾರೆ. ಹಲವರು ಮೊಣಕಾಲು ಮಡಿಸಿ ಕೂತು, ಎದೆಯನ್ನು ತೊಡೆಗೆ ಆನಿಸಿಕೊಂಡು ಓಡಿಸುತ್ತಾರೆ. ಅಳತೆ ಒಂದಿಷ್ಟು ಸಡಿಲವಾದರೂ ಗುದ್ದಿನ ಬಲ ಮೈಯ ಅಲುಗಾಟದಲ್ಲೇ ಸೋರಿಹೋಗುತ್ತದೆ. ಹಾಗಾಗಿ ಒಬ್ಬರಿಗೆ ಮಾಡಿಸಿದ ಕುರ್ಚಿಯಲ್ಲಿ ಇನ್ನೊಬ್ಬರು ತಮ್ಮ ಪೂರ್ತಿ ವೇಗ ಕಾಣುವುದು ಕಷ್ಟ. ಹೊರದೇಶದಿಂದ ತರಿಸಿದರೆ ಬೆಲೆ ಲಕ್ಷಗಳಲ್ಲಿ. ಬಡ ಮನೆಯ ಮಗು ಈ ಕ್ರೀಡೆಯ ಹೊಸಿಲಲ್ಲೇ ನಿಲ್ಲುವುದಕ್ಕೆ ಇದೇ ಮೊದಲ ಕಾರಣ.

ಈ ಯಂತ್ರ ಎಷ್ಟು ವೇಗವಾಗಿ ಹೋಗಬಲ್ಲದು? ಸ್ವಿಟ್ಜರ್‌ಲೆಂಡಿನ ಮಾರ್ಸೆಲ್ ಹುಗ್ 2021ರಲ್ಲಿ ಜಪಾನಿನ ಓಯಿಟದಲ್ಲಿ 42.195 ಕಿಲೊಮೀಟರಿನ ಮ್ಯಾರಥಾನನ್ನು 1 ಗಂಟೆ 17 ನಿಮಿಷ 47 ಸೆಕೆಂಡಿನಲ್ಲಿ ಮುಗಿಸಿದರು. 2023ರಲ್ಲಿ ಶಿಕಾಗೋದಲ್ಲಿ ಕೆಲ್ವಿನ್ ಕಿಪ್ಟಮ್ ಕಾಲಿನ ಮೇಲೆ ಓಡಿ ವಿಶ್ವದಾಖಲೆ ಬರೆದಾಗ ಹಿಡಿದದ್ದು 2 ಗಂಟೆ 35 ಸೆಕೆಂಡು. ಹುಗ್ ಅವರ ವೇಗದಲ್ಲಿ ಮುಳಬಾಗಿಲಿನಿಂದ ಹೊರಟರೆ ಒಂದು ಗಂಟೆಯೊಳಗೆ ಕೋಲಾರ ಸೇರಬಹುದು, ಬರೀ ತೋಳಿನ ಬಲದಿಂದ.

ಆಸ್ಪತ್ರೆಯ ಅಂಗಳದಿಂದ ಜಗತ್ತಿಗೆ

ಈ ಕ್ರೀಡೆ ಹುಟ್ಟಿದ್ದು ಆಸ್ಪತ್ರೆಯಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಬೆನ್ನುಹುರಿಗೆ ಪೆಟ್ಟು ಬಿದ್ದ ಸೈನಿಕರು ಹಾಸಿಗೆಯಲ್ಲೇ ಕೊನೆಯಾಗುತ್ತಾರೆ ಎಂದು ವೈದ್ಯಲೋಕ ನಂಬಿದ್ದಾಗ, ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯ ವೈದ್ಯ ಲುಡ್ವಿಗ್ ಗುಟ್‌ಮನ್ ಆ ಸೈನಿಕರನ್ನು ಎಬ್ಬಿಸಿ ಕೂರಿಸಿ ಆಟಕ್ಕೆ ಹಚ್ಚಿದರು. 1948ರ ಜುಲೈ 29ರಂದು, ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯ ದಿನವೇ, ಆ ಆಸ್ಪತ್ರೆಯ ಅಂಗಳದಲ್ಲಿ 16 ಮಂದಿ ಗಾಲಿಕುರ್ಚಿಯಲ್ಲಿ ಕೂತು ಬಿಲ್ಲು ಹಿಡಿದರು. 1960ರಲ್ಲಿ ರೋಮ್‌ನಲ್ಲಿ ಮೊದಲ ಪ್ಯಾರಾಲಿಂಪಿಕ್ಸ್ ನಡೆಯಿತು. 1964ರ ಟೋಕಿಯೊ ಕೂಟದಲ್ಲಿ ಗಾಲಿಕುರ್ಚಿಯ ಓಟ ಸೇರಿತು. ಅಲ್ಲಿ ಓಡಿದ ದೂರ ಬರೀ 60 ಮೀಟರ್. 1975ರಲ್ಲಿ ಬಾಬ್ ಹಾಲ್ ಎಂಬ ಅಮೆರಿಕದ ಯುವಕ ಗಾಲಿಕುರ್ಚಿಯಲ್ಲಿ ಬಾಸ್ಟನ್ ಮ್ಯಾರಥಾನನ್ನು ಮೂರು ಗಂಟೆಯೊಳಗೆ ಮುಗಿಸಿ, ದೂರದ ಓಟವೂ ಸಾಧ್ಯ ಎಂದು ತೋರಿಸಿದರು. ಗುಟ್‌ಮನ್ ಬಳಿ ಕಲಿತು ಹೋದ ಜಪಾನಿನ ವೈದ್ಯ ಯುಟಕ ನಕಮುರ ಓಯಿಟವನ್ನು ಈ ಕ್ರೀಡೆಯ ತವರಾಗಿಸಿದರು. 1981ರಿಂದ ಅಲ್ಲಿ ವೀಲ್‌ಚೇರ್ ಮ್ಯಾರಥಾನ್ ನಡೆಯುತ್ತ ಬಂದಿದೆ.

ಇಂದಿನ ದೊಡ್ಡ ಹೆಸರುಗಳಲ್ಲಿ ಟಟ್ಯಾನಾ ಮ್ಯಾಕ್‌ಫ್ಯಾಡನ್ ಅವರ ಕಥೆ ನಮ್ಮ ಶಾಲೆಗಳಿಗೆ ಮುಖ್ಯ. ಬೆನ್ನುಹುರಿಯ ದೋಷದೊಂದಿಗೆ ರಷ್ಯಾದಲ್ಲಿ ಹುಟ್ಟಿ, ಅನಾಥಾಲಯದಲ್ಲಿ ವೀಲ್‌ಚೇರ್ ಇಲ್ಲದೆ ಕೈಗಳ ಮೇಲೆ ನಡೆದಾಡಿದ ಮಗು ಆಕೆ. ಅಮೆರಿಕದ ತಾಯಿಯೊಬ್ಬರು ದತ್ತು ತೆಗೆದುಕೊಂಡರು. 2004ರ ಅಥೆನ್ಸ್ ಪ್ಯಾರಾಲಿಂಪಿಕ್ಸ್‌ನಲ್ಲಿ, ಹದಿನೈದನೆಯ ವಯಸ್ಸಿಗೇ, ಎರಡು ಪದಕ ಗೆದ್ದು ಮರಳಿದ ಆಕೆಗೆ ಶಾಲೆಯ ಟ್ರ್ಯಾಕಿನಲ್ಲಿ ಬೇರೆ ಮಕ್ಕಳ ಜೊತೆ ಓಡುವುದಕ್ಕೆ ಅವಕಾಶ ಸಿಗಲಿಲ್ಲ. ತಾಯಿ ಮಗಳು ಕೋರ್ಟಿಗೆ ಹೋಗಿ ಗೆದ್ದರು. ಅವರು ದುಡ್ಡು ಕೇಳಲಿಲ್ಲ, ಓಡುವ ಹಕ್ಕು ಕೇಳಿದರು. ಮುಂದೆ ಮೇರಿಲ್ಯಾಂಡ್ ರಾಜ್ಯ 2008ರಲ್ಲಿ ಅದಕ್ಕಾಗಿ ಕಾನೂನನ್ನೇ ಮಾಡಿತು. 2013ರಲ್ಲಿ ಬಾಸ್ಟನ್, ಲಂಡನ್, ಶಿಕಾಗೋ, ನ್ಯೂಯಾರ್ಕ್ ಮ್ಯಾರಥಾನ್‌ಗಳನ್ನು ಟಟ್ಯಾನಾ ಒಂದೇ ವರ್ಷದಲ್ಲಿ ಗೆದ್ದರು.

ಎಸೆತದಲ್ಲಿ ಚಿನ್ನ, ಓಟದಲ್ಲಿ ಬರಿಗೈ

ಭಾರತದ ಪ್ಯಾರಾ ಕ್ರೀಡೆ ಇಂದು ಎತ್ತರದಲ್ಲಿದೆ. 1972ರಲ್ಲಿ ಹೈಡೆಲ್‌ಬರ್ಗ್‌ನ ಈಜುಕೊಳದಲ್ಲಿ ಮುರಳೀಕಾಂತ್ ಪೇಟ್ಕರ್ ಮೊದಲ ಚಿನ್ನ ತಂದರು. 2012ರ ಲಂಡನ್ ಕೂಟದಲ್ಲಿ ಇಡೀ ದೇಶಕ್ಕೆ ಬಂದದ್ದು ಒಂದೇ ಪದಕ. ಅದನ್ನು ತಂದದ್ದು ನಮ್ಮ ಹಾಸನ ಜಿಲ್ಲೆಯ ಎತ್ತರ ಜಿಗಿತಗಾರ ಎಚ್.ಎನ್. ಗಿರೀಶ. 2016ರಲ್ಲಿ ದೀಪಾ ಮಲಿಕ್ ಗುಂಡು ಎಸೆತದ ಬೆಳ್ಳಿಯೊಂದಿಗೆ ಪ್ಯಾರಾಲಿಂಪಿಕ್ಸ್ ಪದಕ ಗೆದ್ದ ಮೊದಲ ಭಾರತೀಯ ಮಹಿಳೆಯಾದರು. ಟೋಕಿಯೊದಲ್ಲಿ 19 ಪದಕ, 2024ರ ಪ್ಯಾರಿಸ್‌ನಲ್ಲಿ 29 ಪದಕ, ಅದರಲ್ಲಿ 7 ಚಿನ್ನ.

ಈ ಎಲ್ಲ ಪದಕಗಳ ನಡುವೆ ಗಾಲಿಕುರ್ಚಿಯ ಓಟದ್ದು ಒಂದೂ ಇಲ್ಲ. ಗಾಲಿಕುರ್ಚಿ ಬಳಸುವ ನಮ್ಮ ಕ್ರೀಡಾಪಟುಗಳು ಗೆಲ್ಲುತ್ತಿಲ್ಲ ಎಂದಲ್ಲ. ಪ್ಯಾರಿಸ್‌ನ ಕ್ಲಬ್ ಎಸೆತದಲ್ಲಿ ಧರಂಬೀರ್ ಚಿನ್ನ, ಪ್ರಣವ್ ಸೂರ್ಮಾ ಬೆಳ್ಳಿ ಗೆದ್ದರು. ಅವನಿ ಲೇಖರಾ ಶೂಟಿಂಗ್‌ನಲ್ಲಿ ಎರಡನೆಯ ಬಾರಿ ಚಿನ್ನ ಗೆದ್ದರು. ಮೂವರೂ ಗಾಲಿಕುರ್ಚಿಯವರೇ. ಎಸೆತದಲ್ಲಿ ಗೆಲ್ಲುವ ತೋಳು ಓಟದಲ್ಲಿ ಏಕೆ ಹಿಂದೆ ಬೀಳುತ್ತದೆ?

ಕಾರಣ ಸರಳ. ಕೂತು ಎಸೆಯುವುದಕ್ಕೆ ಬೇಕಾದ ಎತ್ತರದ ಕಬ್ಬಿಣದ ಆಸನವನ್ನು ಊರಿನ ವೆಲ್ಡಿಂಗ್ ಅಂಗಡಿಯವರೂ ಮಾಡಿಕೊಡಬಲ್ಲರು. ಮಟ್ಟಸ ನೆಲವೊಂದಿದ್ದರೆ ಅಭ್ಯಾಸ ಶುರು. ಓಟಕ್ಕೆ ಮೈಯಳತೆಯ ಕುರ್ಚಿ ಬೇಕು, ನುಣುಪಾದ ಟ್ರ್ಯಾಕು ಬೇಕು, ಟ್ರ್ಯಾಕಿನವರೆಗೆ ಕರೆದೊಯ್ಯುವ ವಾಹನ ಬೇಕು, ಗುದ್ದಿನ ಮರ್ಮ ಗೊತ್ತಿರುವ ಕೋಚ್ ಬೇಕು. ನೆಲಕ್ಕೆ ತಗ್ಗಾಗಿ ಕೂರುವ ಆ ಕುರ್ಚಿ ಮಣ್ಣಿನ ಮೈದಾನದಲ್ಲಿ ಸಾಗದು. ಜೊತೆಗೆ ಓಡುವವರು ಇಲ್ಲದಿದ್ದರೆ ವೇಗವೂ ಹೆಚ್ಚದು. ಓಟ, ಎಸೆತ ಎರಡರಲ್ಲೂ ಇದ್ದ ಮಾಲತಿ ಹೊಳ್ಳರ ಹಿಂದೆ ಎಸೆತದವರ ಸಾಲು ಬೆಳೆಯಿತು. ಓಟದವರ ಸಾಲು ಬೆಳೆಯಲಿಲ್ಲ. ಪ್ರತಿಭೆಯ ಕೊರತೆಯೆಂದು ಅದನ್ನು ತಳ್ಳಿಹಾಕುವುದು ಅನ್ಯಾಯ. ಸಲಕರಣೆ ಮತ್ತು ಜಾಗದ ಕೊರತೆಯದು, ಮನಸ್ಸು ಮಾಡಿದರೆ ನೀಗಿಸಬಹುದಾದದ್ದು.

ಮುಳಬಾಗಿಲಿನಲ್ಲಿ ಶುರುವಾಗಲಿ

ಪೋಲಿಯೊ ಈಗ ನಮ್ಮಲ್ಲಿಲ್ಲ. ದೇಶದ ಕೊನೆಯ ಪ್ರಕರಣ ವರದಿಯಾದದ್ದು 2011ರ ಜನವರಿ 13ರಂದು. 2014ರ ಮಾರ್ಚ್ 27ರಂದು ಭಾರತ ಪೋಲಿಯೊ ಮುಕ್ತವೆಂದು ಘೋಷಣೆಯಾಯಿತು. ಅದರರ್ಥ ಗಾಲಿಕುರ್ಚಿಯ ಅಗತ್ಯ ಮುಗಿಯಿತು ಎಂದಲ್ಲ. ಹುಟ್ಟಿನಿಂದ ಬರುವ ಬೆನ್ನುಹುರಿಯ ದೋಷ, ಮೆದುಳಿನ ಪಾರ್ಶ್ವವಾಯು (ಸೆರೆಬ್ರಲ್ ಪಾಲ್ಸಿ), ಹೆದ್ದಾರಿಯ ಅಪಘಾತ, ಮರದಿಂದ ಬೀಳುವುದು, ಇವೆಲ್ಲ ಇಂದಿಗೂ ಇವೆ. ಹೆದ್ದಾರಿಯೂ ಮಾವಿನ ತೋಪುಗಳೂ ಇರುವ ನಮ್ಮ ಸೀಮೆಗೆ ಈ ಮಾತನ್ನು ಬೇರೆಯವರು ಹೇಳಬೇಕಾಗಿಲ್ಲ. ವಡ್ಡಹಳ್ಳಿ ಮಾರುಕಟ್ಟೆಯಲ್ಲಿ ಟೊಮೆಟೊ ಬಾಕ್ಸ್ ಎತ್ತಿದ, ಬೆಳಗಿನ ಜಾವ ಡೈರಿಗೆ ಹಾಲಿನ ಕ್ಯಾನ್ ಹೊತ್ತ ತೋಳು, ಕಾಲು ಸೋತ ಮಾತ್ರಕ್ಕೆ ಸೋಲುವುದಿಲ್ಲ.

ಕಾನೂನು ನಮ್ಮ ಪರವಾಗಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 30ನೇ ಕಲಮು ಕ್ರೀಡೆಯಲ್ಲಿ ಭಾಗವಹಿಸುವ ಅವಕಾಶ ಕಲ್ಪಿಸುವುದನ್ನು ಸರ್ಕಾರದ ಹೊಣೆಯಾಗಿಸಿದೆ. ಜನರೂ ಇದ್ದಾರೆ. ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ತಾಲ್ಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಶಾಲೆಗೆ ಬರಲಾಗದ ಮಕ್ಕಳ ಮನೆಗೇ ಹೋಗಿ ಪಾಠ ಹೇಳುವ ಸಂಪನ್ಮೂಲ ಶಿಕ್ಷಕರು ಶಿಕ್ಷಣ ಇಲಾಖೆಯಲ್ಲಿದ್ದಾರೆ. ಸ್ಥಳೀಯ ಸಂಸ್ಥೆಗಳಲ್ಲಿ ವಿಕಲಚೇತನರಿಗೆಂದೇ ಎತ್ತಿಡಬೇಕಾದ ಶೇ 5ರ ಹಣವಿದೆ. ಯಾವ ಊರಿನ ಯಾವ ಮನೆಯಲ್ಲಿ ಯಾವ ಮಗು ಇದೆ ಎಂಬುದು ಇವರಿಗೆ ಗೊತ್ತು. ಆ ಮಾಹಿತಿ ಪಿಂಚಣಿಯ ಅರ್ಜಿಯಲ್ಲಿ ನಿಲ್ಲದೆ ಪಿ.ಟಿ. ಮೇಷ್ಟ್ರ ಕೈಗೂ ಬರಬೇಕು.

ಸಲಕರಣೆಯ ವಿಷಯದಲ್ಲೂ ಕಾಲ ಬದಲಾಗುತ್ತಿದೆ. ಮಾಲತಿ ಹೊಳ್ಳ ಬಾಲ್ಯ ಕಳೆದ ಅದೇ ಚೆನ್ನೈನಲ್ಲಿ ಐಐಟಿ ಮದ್ರಾಸಿನವರು ‘ನಿಯೊಫ್ಲೈ’ ಎಂಬ ಮೈಯಳತೆಯ ಗಾಲಿಕುರ್ಚಿಯನ್ನು ರೂಪಿಸಿದ್ದಾರೆ. 2025ರಲ್ಲಿ 9 ಕಿಲೊ ತೂಕದ ‘ವೈಡಿ ಒನ್’ ಕುರ್ಚಿಯನ್ನೂ ಹೊರತಂದಿದ್ದಾರೆ. ಇವು ದಿನಬಳಕೆಯ ಕುರ್ಚಿಗಳು, ಓಟದವಲ್ಲ. ಆದರೂ ಹಗುರ ಕುರ್ಚಿಯನ್ನು ಮೈಯಳತೆಗೆ ಇಲ್ಲೇ ಮಾಡಬಹುದು ಎಂದು ಸಾಬೀತಾದ ಮೇಲೆ ಓಟದ ಕುರ್ಚಿ ದೂರದ ಮಾತೇನಲ್ಲ. ಬೆಂಗಳೂರಿನಲ್ಲಿ ಅಂಗವಿಕಲರಿಗಾಗಿ ಎನ್.ಎಸ್. ಹೇಮಾ 1959ರಲ್ಲಿ ಕಟ್ಟಿದ ಎಪಿಡಿ ಸಂಸ್ಥೆ, ಮೊಬಿಲಿಟಿ ಇಂಡಿಯಾದಂಥ ಸಂಸ್ಥೆಗಳು ಇವೆ. ಚೆನ್ನೈ, ಬೆಂಗಳೂರು ಎರಡೂ ಕಡೆಯ ಅನುಕೂಲ ನಮ್ಮ ಹೆದ್ದಾರಿಯ ಎರಡು ತುದಿಗಳಲ್ಲೇ ಇದೆ.

ಜಿಲ್ಲೆ ಮಾಡಬೇಕಾದ್ದು ದೊಡ್ಡ ಲೆಕ್ಕದ್ದೇನಲ್ಲ. ಜಿಲ್ಲಾ ಕ್ರೀಡಾಂಗಣಕ್ಕೆ ಎರಡು ಮೂರು ಅಳತೆಯ, ಅಲ್ಪಸ್ವಲ್ಪ ಹೊಂದಿಸಿಕೊಳ್ಳಬಹುದಾದ ಕಲಿಕೆಯ ಓಟದ ಕುರ್ಚಿಗಳನ್ನು ತರಿಸಿಡುವುದು. ಮೈದಾನಕ್ಕೆ, ಅದರ ಶೌಚಾಲಯಕ್ಕೆ ಇಳಿಜಾರು ಕಟ್ಟುವುದು. ಒಬ್ಬಿಬ್ಬರು ದೈಹಿಕ ಶಿಕ್ಷಕರನ್ನು ತರಬೇತಿಗೆ ಕಳಿಸುವುದು. ಮಕ್ಕಳನ್ನು ಕರೆತರುವ ಬಾಡಿಗೆ ಖರ್ಚನ್ನು ಶೇ 5ರ ಹಣದಲ್ಲಿ ಕೊಡುವುದು. ವೇಗ ತೋರಿದವರಿಗೆ ಅವರದೇ ಅಳತೆಯ ಕುರ್ಚಿ ಮಾಡಿಸಿಕೊಡುವುದು.

ತಿಳಿದಿರಲಿ

• ಟ್ರ್ಯಾಕಿನ ಓಟದಲ್ಲಿ ಗಾಲಿಕುರ್ಚಿಯವರಿಗೆ ಟಿ51ರಿಂದ ಟಿ54ರವರೆಗೆ ವರ್ಗಗಳಿವೆ. ಸಂಖ್ಯೆ ಹೆಚ್ಚಾದಷ್ಟೂ ತೋಳು, ಮುಂಡದ ಹಿಡಿತ ಹೆಚ್ಚು. ಮೆದುಳಿನ ಪಾರ್ಶ್ವವಾಯು ಇರುವವರಿಗೆ ಟಿ32ರಿಂದ ಟಿ34.
• ಕೂತು ಎಸೆಯುವ ಸ್ಪರ್ಧೆಗಳ ವರ್ಗಗಳು ಎಫ್ ಅಕ್ಷರದಿಂದ ಶುರುವಾಗುತ್ತವೆ.
• ಸ್ಪರ್ಧೆಗೆ ಮೊದಲು ಪರಿಣತರು ಮೈಯ ಚಲನೆ ಪರೀಕ್ಷಿಸಿ ವರ್ಗ ನಿಗದಿ ಮಾಡುತ್ತಾರೆ. ವೈದ್ಯಕೀಯ ದಾಖಲೆ, ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಸಿದ್ಧವಿಟ್ಟುಕೊಳ್ಳಿ.
• ಮೊದಲ ಹೆಜ್ಜೆಗೆ ಓಟದ ಕುರ್ಚಿಯೇ ಬೇಕೆಂದಿಲ್ಲ. ಇರುವ ವೀಲ್‌ಚೇರಿನಲ್ಲೇ ಶಾಲೆಯ ಸಿಮೆಂಟು ಅಂಗಳದಲ್ಲಿ ಶುರು ಮಾಡಬಹುದು. ಭುಜದ ವ್ಯಾಯಾಮ ತಪ್ಪಿಸಬಾರದು.

ಕೊನೆಯದಾಗಿ ಓದುಗರಲ್ಲಿ ಒಂದು ಮನವಿ. ನಿಮ್ಮ ಬೀದಿಯಲ್ಲಿ, ನಿಮ್ಮ ನೆಂಟರಲ್ಲಿ ಗಾಲಿಕುರ್ಚಿಯ ಮಗು ಇದ್ದರೆ ತಂದೆ ತಾಯಿಯ ಜೊತೆ ಮಾತಾಡಿ, ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರಿಗೂ ಶಾಲೆಯ ಪಿ.ಟಿ. ಮೇಷ್ಟ್ರಿಗೂ ಹೆಸರು ಕೊಡಿ. ಡಿಸೆಂಬರ್ 3ರ ಅಂಗವಿಕಲರ ದಿನಾಚರಣೆಯ ಒಂದು ದಿನದ ಆಟಕ್ಕೆ ತೃಪ್ತರಾಗಬೇಡಿ. ಈ ವರ್ಷದ ಹೋಬಳಿ ಮಟ್ಟದ ಕ್ರೀಡಾಕೂಟದ ಪಟ್ಟಿಯಲ್ಲಿ ವೀಲ್‌ಚೇರ್ 100 ಮೀಟರ್ ಓಟವನ್ನೂ ಸೇರಿಸಿ ಎಂದು ಶಿಕ್ಷಣ ಇಲಾಖೆಗೆ ಒಂದು ಅರ್ಜಿ ಬರೆಯಿರಿ. ಒಂದೇ ಮಗು ಬಂದರೂ ಓಟ ನಡೆಯಲಿ.